ತೂಬಿನಿಂದ ನಲ್ಲಿಯವರೆಗೆ

ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮಾರ್ಗವಾಗಿ ಮಾನಂದವಾಡಿಯ ಕಡೆಗೆ ಹೋಗುವ ರಸ್ತೆಯಲ್ಲಿ ಹಂಪಾಪುರವೆಂಬುದು ಒಂದು ಹೋಬಳಿಯ ಮುಖ್ಯ ಗ್ರಾಮ. ಕಪಿಲೆಯ ಸೀಮೆಗೆ ಸೇರಿದ ಈ ಊರಿನಲ್ಲಾಗಲಿ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಸುತ್ತಿನ ಇತರ ಊರುಗಳಲ್ಲಾಗಲಿ ಇಂದು ಹೊಸದಾಗಿ ಮನೆ ಕಟ್ಟಿಸುವ ಗೃಹಸ್ಥನು, ಗೋಡೆಯೆದ್ದು ತಾರಸಿ ಮುಗಿದು ನೆಲಕ್ಕೆ ಕಲ್ಲು ಹಾಸಿದ ಮೇಲೆ, ಒಂದು ಸಣ್ಣ ಪ್ರಶ್ನೆಯ ಮುಂದೆ ಬಂದು ನಿಲ್ಲುವನು: ಬಚ್ಚಲುಮನೆಯ ವಾಷ್ ಬೇಸಿನ್ನಿಗೆ ಎಂತಹ ನಲ್ಲಿಯನ್ನು ಹಾಕಿಸತಕ್ಕುದು? ಅಂಗಡಿಯವನು ಹತ್ತಾರು ಬಗೆಗಳನ್ನು ಮುಂದಿಡುವನು. ಎಲ್ಲವೂ ಬೆಳ್ಳಿಯಂತೆ ಹೊಳೆಯುವುವು. ಬೆಲೆಯಲ್ಲಿ ಮಾತ್ರ ಒಂದಕ್ಕೂ ಮತ್ತೊಂದಕ್ಕೂ ಅಜಗಜಾಂತರ. ಕೋಟೆ, ಅರಮನೆ, ಕಾಳಗಗಳಿಗೆ ಇತಿಹಾಸವುಂಟು, ನಲ್ಲಿಗೆ ಏನಿತಿಹಾಸವೆಂಬುದು ಲೋಕದ ಸಾಮಾನ್ಯ ಅಭಿಪ್ರಾಯ. ಆದರೆ ನೀರನ್ನು ತರುವ ವಿದ್ಯೆ ಒಂದಾದರೆ ನೀರನ್ನು ತಡೆದು ನಿಲ್ಲಿಸುವ ವಿದ್ಯೆ ಬೇರೊಂದು. ಮೊದಲನೆಯದರ ವಿಷಯವಾಗಿ ಗ್ರಂಥಗಳೂ ಶಾಸನಗಳೂ ಬೇಕಾದಷ್ಟಿವೆ. ಎರಡನೆಯದು ಯಾರ ಕೈಯಲ್ಲಿದ್ದಿತು, ಆ ಕೈಯಿಂದ ಈ ಗೃಹಸ್ಥನ ಕೈಗೆ ಹೇಗೆ ಬಂದಿತು ಎಂಬುದನ್ನು ವಿಚಾರಿಸಿದವರು ಕಡಿಮೆ.

ಮೊದಲು ಹೆಸರನ್ನು ನೋಡಬಹುದು. ಮೈಸೂರು ಸೀಮೆಯ ಮನೆಮಾತಿನಲ್ಲಿ ಇದು ನಲ್ಲಿ. ಗ್ರಂಥಗಳಲ್ಲಿಯೂ ಸರಕಾರದ ಕಾಗದಗಳಲ್ಲಿಯೂ ಕೊಳಾಯಿ. ಧಾರವಾಡದ ಕಡೆಯಲ್ಲಿ ನಳ. ಸಂಸ್ಕೃತದಲ್ಲಿ ನಳವೆಂದರೆ ಒಳಗೆ ಟೊಳ್ಳಾದ ಜೊಂಡು. ಕೊಳಾಯಿಯಾದರೋ ಕೊಳಲು, ಕೊಳವೆಗಳ ಬಳಗಕ್ಕೆ ಸೇರಿದ ಅಚ್ಚ ದ್ರಾವಿಡ ಶಬ್ದ. ಮೂರು ಹೆಸರುಗಳೂ ನೀರು ಹರಿಯುವ ಟೊಳ್ಳನ್ನು ಹೇಳುವುವೇ ಹೊರತು, ಅದನ್ನು ಮುಚ್ಚುವ ಕೀಲನ್ನು ಒಂದಾದರೂ ಹೇಳದು. ಇದು ಕೇವಲ ಆಕಸ್ಮಿಕವಲ್ಲ. ಈ ನಾಡಿನಲ್ಲಿ ಕೊಳವೆಯು ಬಹು ಹಿಂದೆಯೇ ಇದ್ದಿತು. ಮನೆಯೊಳಗಿನ ಕೀಲು ಬಂದುದು ನಿನ್ನೆ ಮೊನ್ನೆ.

ಹಾಗೆಂದು ಕನ್ನಡಿಗರಿಗೆ ನೀರು ತಡೆಯುವ ಕೀಲು ತಿಳಿದಿರಲಿಲ್ಲವೆಂದು ಹೇಳಲಾಗದು. ಅದು ಮನೆಯಲ್ಲಿರದೆ ಕೆರೆಯ ಏರಿಯಲ್ಲಿದ್ದಿತು. ಹಳೆಯ ಕೆರೆಗಳ ತೂಬನ್ನು ಕಂಡವರಿಗೆ ಅದರ ರಚನೆ ಸ್ಪಷ್ಟವಾಗಿರುವುದು. ಏರಿಯ ಒಳಮೈಯಲ್ಲಿ ಎರಡು ಕಲ್ಲುಗಂಬಗಳು. ಅವೆರಡನ್ನೂ ಕೂಡಿಸುವ ಅಡ್ಡಗಲ್ಲುಗಳು. ಆ ಅಡ್ಡಗಲ್ಲುಗಳ ನಡುವಣ ರಂಧ್ರದಲ್ಲಿ ಇಳಿಬಿದ್ದ ಉದ್ದನೆಯ ಗಳು. ಗಳುವಿನ ತುದಿಯಲ್ಲಿ, ನೀರಿನ ತಳದ ಕಲ್ಲಿನ ಕಂಡಿಗೆ ಸರಿಯಾಗಿ ಕೂರುವಂತೆ ಕಡೆದ ಬಿರಡೆ. ಗಳುವನ್ನೆತ್ತಿದರೆ ನೀರು ಏರಿಯ ಕೆಳಗಿನ ಕಾಲುವೆಗೆ ಹರಿಯುವುದು. ಇಳಿಸಿದರೆ ಮೇಲಿನ ನೀರಿನ ಭಾರವೇ ಬಿರಡೆಯನ್ನು ಒತ್ತಿ ಹಿಡಿಯುವುದು. ಕೆರೆಯ ದುರಸ್ತಿಗೂ ತೂಬಿನ ಪಾಲನೆಗೂ ಬಿಟ್ಟುಕೊಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳ ಪ್ರಸ್ತಾಪ ಶಾಸನಗಳಲ್ಲಿ ಹೇರಳವಾಗಿ ಬರುವುದು. ಈ ಗಳುವಿನ ಮೇಲೆ ಕೈಯಿಡುವ ಅಧಿಕಾರ ಊರಿನಲ್ಲೆಲ್ಲ ಒಬ್ಬನಿಗೆ ಮಾತ್ರ. ಅವನೇ ನೀರುಗಂಟಿ. ಹಳ್ಳಿಯ ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬನಾಗಿದ್ದು, ಕಣದಲ್ಲಿ ರಾಶಿಯಾದಾಗ ಅವನ ಆಯವನ್ನು ಅಳೆದು ಕೊಡುತ್ತಿದ್ದರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕೊನೆಯ ಗದ್ದೆಗೆ ಮುಟ್ಟುವುದೆಂದಿಗೆ ಎಂಬುದನ್ನು ಅವನು ನಿರ್ಣಯಿಸುತ್ತಿದ್ದನು. ಅವನ ಮೇಲೆ ಜಗಳವಾಡಿದವರು ಅನೇಕರು. ಆದರೆ ಗಳುವನ್ನು ತಾವೇ ಎತ್ತಿದವರು ಊರಿಗೆಲ್ಲ ತಪ್ಪಿತಸ್ಥರು.

ಕುಡಿಯುವ ನೀರಿಗೆ ಇಂತಹ ಕೀಲು ಇರಲಿಲ್ಲ. ಬಾವಿಯಿಂದ ಸೇದಿದಷ್ಟೇ ನೀರು. ಸೇದುವವಳ ತೋಳೇ ಅದಕ್ಕೆ ಮಿತಿ. ಅರಮನೆಗೂ ದೇವಾಲಯಕ್ಕೂ ಕಾಲುವೆಯಿಂದಲೋ ಕೊಳವೆಯಿಂದಲೋ ನೀರು ಬಂದಾಗ ಅದು ಬಂದಂತೆ ಹರಿದು ಹೋಗುತ್ತಿದ್ದಿತು. ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಕಾವೇರಿಯ ಒಂದು ಕವಲಿನ ಮೇಲೆ ಮೇಲ್ಗಾಲುವೆಯನ್ನು ದಾಟಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತಂದ ಬಂಗಾರದೊಡ್ಡಿ ನಾಲೆಯು ಇಂದಿಗೂ ಪ್ರಸಿದ್ಧವಾಗಿದೆ. ವಿಜಯಪುರದಲ್ಲಿ ಆದಿಲಶಾಹಿಗಳು 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿ, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕ ಪಟ್ಟಣಕ್ಕೆ ನೀರನ್ನು ಹಂಚಿದರು. ಅಲ್ಲಿ ಅಲ್ಲಲ್ಲಿ ನಿಂತಿರುವ ಗಂಜ್ ಎಂಬ ಗೋಪುರಗಳನ್ನು ಕಂಡವರು ಕಾವಲುಗಂಬಗಳೆಂದು ಭ್ರಮಿಸುವುದುಂಟು. ನೀರು ಅವುಗಳೊಳಗೆ ಮೇಲೇರಿ ಮರಳಿ ಇಳಿಯುವಾಗ ಕೊಳವೆಯನ್ನು ಒಡೆಯಬಲ್ಲ ಒತ್ತಡ ತಗ್ಗುತ್ತಿದ್ದಿತು, ಕೆಸರೂ ತಳದಲ್ಲಿ ನಿಲ್ಲುತ್ತಿದ್ದಿತು. ಇಷ್ಟು ಸೂಕ್ಷ್ಮವಾಗಿ ಒತ್ತಡವನ್ನು ತಿಳಿದವರೂ ಕೊನೆಯ ತುದಿಯಲ್ಲಿ ಕೀಲಿಡುವ ಗೋಜಿಗೆ ಅಷ್ಟಾಗಿ ಹೋಗದೆ, ತೊಟ್ಟಿಯಲ್ಲಿ ನೀರು ತುಂಬಿ ಹೊರಳುವಂತೆ ಬಿಟ್ಟರು. ದೇವಾಲಯದ ಮಕರಪ್ರಣಾಲಕ್ಕೂ ತೀರ್ಥಗಳ ಗೋಮುಖಕ್ಕೂ ಬಾಯಿಯುಂಟು, ಮುಚ್ಚಳವಿಲ್ಲ. ಹರಿಯುವ ನೀರೇ ಶುದ್ಧವೆಂಬ ಭಾವನೆಯಿದ್ದಲ್ಲಿ ಅದನ್ನು ತಡೆಯುವ ಬಯಕೆ ಹುಟ್ಟುವುದಾದರೂ ಹೇಗೆ?

ಪಶ್ಚಿಮದಲ್ಲಿ ರೋಮನರು ಮನೆಯೊಳಗಣ ಕೀಲನ್ನು ಬಲ್ಲವರಾಗಿದ್ದರು. ಕ್ರಿ. ಶ. 79ರಲ್ಲಿ ಬೆಂಕಿಯ ಬೆಟ್ಟದ ಬೂದಿಯಲ್ಲಿ ಮುಳುಗಿದ ಪಾಂಪೆ ಪಟ್ಟಣದ ಅವಶೇಷಗಳಲ್ಲಿ ಕಂಚಿನ ನಲ್ಲಿಗಳು ದೊರೆತಿವೆ. ಒಂದು ಉರುಟಾದ ಬಿರಡೆ, ಅದರ ಅಡ್ಡಲಾಗಿ ಒಂದು ರಂಧ್ರ. ರಂಧ್ರವು ಕೊಳವೆಯ ನೇರಕ್ಕೆ ತಿರುಗಿದಾಗ ನೀರು ಹರಿಯುವುದು, ಅಡ್ಡ ತಿರುಗಿದಾಗ ನಿಲ್ಲುವುದು. ತೂಬಿನ ಬಿರಡೆ ಮೇಲೆದ್ದು ಇಳಿಯುವುದು, ಇದು ನಿಂತಲ್ಲಿಯೇ ತಿರುಗುವುದು, ವ್ಯತ್ಯಾಸವಿಷ್ಟೆ. ಕೊಳವೆಗಳನ್ನು ಮಾತ್ರ ಅವರು ಸೀಸದಿಂದ ಮಾಡಿದರು. ಸೀಸಕ್ಕಿಂತ ಮಣ್ಣಿನ ಕೊಳವೆಯ ನೀರೇ ಆರೋಗ್ಯಕರವೆಂದು ವಿಟ್ರೂವಿಯಸನೆಂಬ ಅವರ ಶಿಲ್ಪಶಾಸ್ತ್ರಜ್ಞನೇ ಬರೆದಿದ್ದರೂ ಆ ಮಾತನ್ನು ಕೇಳಿದವರು ಕಡಿಮೆ.

ಮೈಸೂರು ನಗರದ ಕಥೆಯು ಬೇರೆ ಬಗೆಯದು. ನದಿಯು ತಗ್ಗಿನಲ್ಲಿ, ನಗರವು ಎತ್ತರದಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಆಡಳಿತದಲ್ಲಿ (1799–1811) ಕಾವೇರಿಯ ನೀರನ್ನು ಕಾಲುವೆಯಿಂದಲೇ ನಗರಕ್ಕೆ ತರಬೇಕೆಂದು ಸಾಹಸಪಟ್ಟು, ಕಲ್ಲುನೆಲವನ್ನು ಆಳವಾಗಿ ಕಡಿಸಿದರು. ಅವರ ಉದ್ದೇಶ ಸಫಲವಾಗಲಿಲ್ಲ. ಪೂರ್ಣಯ್ಯ ನಾಲೆಯೆಂಬ ಹೆಸರು ಮಾತ್ರ ಉಳಿದು, ಮುಮ್ಮಡಿ ಕೃಷ್ಣರಾಜ ಒಡೆಯರವರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ಮಳೆಯ ನೀರನ್ನು ತಂದೊಪ್ಪಿಸುವ ಕೆಲಸಕ್ಕೆ ಅದು ಬಂದಿತು. ತಗ್ಗಿನ ನದಿಯಿಂದ ನೀರನ್ನು ಯಂತ್ರಬಲದಿಂದ ಮೇಲೆತ್ತಿ ಕಬ್ಬಿಣದ ಕೊಳವೆಗಳಲ್ಲಿ ಹರಿಸುವ ಬೆಳಗೊಳದ ಯೋಜನೆಯು ಆರಂಭವಾದುದು 1896ರಲ್ಲಿ. ಹತ್ತನೆಯ ಚಾಮರಾಜ ಒಡೆಯರವರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ದಿವಂಗತರಾದುದರಿಂದ ಆಗ ರಾಜ್ಯಸೂತ್ರವು ವಾಣಿವಿಲಾಸ ಸನ್ನಿಧಾನದವರಾದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕೈಯಲ್ಲಿದ್ದಿತು. ನಗರದ ನೀರಿನ ಕಾರ್ಖಾನೆಯು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಅದೇ 1896ರಲ್ಲಿ ಬೆಂಗಳೂರಿಗೂ ಹೆಸರಘಟ್ಟದಿಂದ ಚಾಮರಾಜೇಂದ್ರ ವಾಟರ್ ವರ್ಕ್ಸಿನ ನೀರು ಬಂದಿತು. ಎರಡು ನಗರಗಳೂ ಒಂದೇ ವರ್ಷದಲ್ಲಿ ನಲ್ಲಿಯ ನೀರನ್ನು ಕಂಡುವು. ಮುಂದೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿ, ಎರಕದ ಕೊಳವೆಗಳನ್ನು ರಾಜ್ಯದೊಳಗೇ ಮಾಡಲು ಮಾರ್ಗವಾಯಿತು.

ಆ ಕೊಳವೆಗಳ ತುದಿಯಲ್ಲಿ ಕೂಡಿಸಿದ ಕೀಲು ರೋಮನರ ಬಿರಡೆಯಾಗಿರಲಿಲ್ಲ. ಇಂಗ್ಲೆಂಡಿನ ದೊಡ್ಡ ಪಟ್ಟಣಗಳಲ್ಲಿ ಹಗಲಿರುಳೂ ಒತ್ತಡದಿಂದ ನೀರು ಬಿಡತೊಡಗಿದಾಗ ಆ ಹಳೆಯ ಬಿರಡೆಯಿಂದ ಒಂದು ಉಪದ್ರವವುಂಟಾಯಿತು. ಅದನ್ನು ಥಟ್ಟನೆ ತಿರುಗಿಸಿ ಮುಚ್ಚಿದರೆ, ವೇಗವಾಗಿ ಬರುತ್ತಿದ್ದ ನೀರಿನ ರಾಶಿಯು ಒಮ್ಮೆಗೇ ತಡೆದು ಸುತ್ತಿಗೆಯಂತೆ ಕೊಳವೆಯನ್ನು ಹೊಡೆಯುವುದು, ಸಂದುಗಳು ಬಿರಿಯುವುವು. ರೊದರ್‌ಹ್ಯಾಂ ಎಂಬ ಊರಿನ ಗೆಸ್ಟ್ ಮತ್ತು ಕ್ರೈಮ್ಸ್ ಕಾರ್ಖಾನೆಯವರು 1845ರಲ್ಲಿ ಇದಕ್ಕೆ ಪರಿಹಾರವನ್ನು ಕಂಡುಹಿಡಿದರು. ಹಿಡಿಯನ್ನು ತಿರುಗಿಸಿದಂತೆಲ್ಲ ತಿರುಪಿನ ಕಡ್ಡಿಯೊಂದು ಮೆಲ್ಲನೆ ಕೆಳಗಿಳಿದು, ತನ್ನ ತುದಿಯ ಮೆತ್ತನೆಯ ಬಿಲ್ಲೆಯನ್ನು ರಂಧ್ರದ ಬಾಯಿಗೆ ಒತ್ತುವುದು. ಮುಚ್ಚಲು ಮೂರು ನಾಲ್ಕು ಸುತ್ತು ಬೇಕಾದುದರಿಂದ ನೀರಿಗೆ ಆಘಾತವಿಲ್ಲ. ಬಿಲ್ಲೆ ಸವೆದರೆ ಕಾಸಿನ ಖರ್ಚಿನಲ್ಲಿ ಬೇರೊಂದನ್ನು ಹಾಕಬಹುದು. ನೂರು ವರ್ಷಕ್ಕೂ ಮಿಕ್ಕಿ ಲೋಕದ ಬಹುಪಾಲು ನಲ್ಲಿಗಳು ಇದೇ ತತ್ತ್ವದ ಮೇಲೆ ನಡೆದುವು. ಗಳುವಿನ ಬದಲು ತಿರುಪಿನ ಕಡ್ಡಿ, ಬಿರಡೆಯ ಬದಲು ಬಿಲ್ಲೆ. ಕೆರೆಯ ತೂಬೇ ಬೆರಳುದ್ದವಾಗಿ ಕುಗ್ಗಿ ಗೋಡೆಗೆ ಬಂದಿತೆಂದರೆ ಅತಿಶಯೋಕ್ತಿಯಾಗಲಾರದು.

ಈ ಬಿಲ್ಲೆಯೇ, ಅಂದರೆ ವಾಷರೇ, ಈ ದೇಶದಲ್ಲಿ ಒಂದು ಧರ್ಮಸಂಕಟಕ್ಕೆ ಕಾರಣವಾಯಿತು. ತಣ್ಣೀರಿನ ನಲ್ಲಿಗೆ ಆಗ ಹಾಕುತ್ತಿದ್ದುದು ಚರ್ಮದ ವಾಷರು. ಮಡಿಯ ಅಡಿಗೆಗೂ ದೇವರ ಅಭಿಷೇಕಕ್ಕೂ ಚರ್ಮವನ್ನು ಸೋಕಿ ಬಂದ ನೀರು ಸಲ್ಲುವುದೆ? ಎಷ್ಟೋ ಮನೆಗಳಲ್ಲಿ ಹಿತ್ತಲ ಬಾವಿಯ ನೀರು ಮಡಿಗೆ, ನಲ್ಲಿಯ ನೀರು ಮೈಲಿಗೆಯ ಕೆಲಸಕ್ಕೆ ಎಂದು ವಿಂಗಡವಾಯಿತು. ನೀರು ಯಾರ ಮೂಲಕ ಬಂದಿತೆಂಬ ಶಂಕೆ ಬೇರೆ. ಒಂದೇ ಕೊಳವೆಯು ಅಗ್ರಹಾರದ ಮನೆಗೂ ಹೊಲಗೇರಿಯ ಬೀದಿಗೂ ಹೋಗುವುದಾದರೆ ನೀರಿಗೆ ಮೇಲುಕೀಳೆಲ್ಲಿಯದು? ಕೊಳವೆಗೆ ಈ ಪ್ರಶ್ನೆ ತಿಳಿಯದು. ಅದು ಎಲ್ಲರಿಗೂ ಒಂದೇ ನೀರನ್ನು ಕೊಟ್ಟಿತು. ಕಾಲಕ್ರಮದಲ್ಲಿ ರಬ್ಬರಿನ ವಾಷರು ಬಂದು ಚರ್ಮದ ಆಕ್ಷೇಪಣೆ ತಾನಾಗಿ ಅಡಗಿತು. ಬಾವಿಗೆ ಇಳಿಯುವುದಕ್ಕಿಂತ ನಲ್ಲಿಯನ್ನು ತಿರುಗಿಸುವುದು ಸುಲಭವೆಂಬುದೂ ಆ ಮನಃಪರಿವರ್ತನೆಗೆ ಸ್ವಲ್ಪಮಟ್ಟಿಗೆ ಸಹಾಯಕವಾಗಿದ್ದಿರಬೇಕು.

ಆದರೆ ಕೊಳವೆಯಲ್ಲಿ ಇಲ್ಲದ ಭೇದವು ಹಿಡಿಯ ಬಳಿ ಉಳಿಯಿತು. ಬೀದಿಯ ನಲ್ಲಿಯ ಸುತ್ತ ಮೊದಲು ಯಾರ ಬಿಂದಿಗೆ, ಆಮೇಲೆ ಯಾರದು, ಯಾರು ಮುಟ್ಟಬಾರದು ಎಂಬ ಕಟ್ಟುಪಾಡುಗಳು ಬಾವಿಕಟ್ಟೆಯಿಂದಲೇ ನಡೆದುಬಂದುವು. ಕೊಂಕಣದ ಮಹಾಡಿನಲ್ಲಿ ಡಾಕ್ಟರ್ ಅಂಬೇಡ್ಕರರವರು 1927ರ ಮಾರ್ಚಿಯಲ್ಲಿ ಚವದಾರ್ ಕೆರೆಯ ನೀರನ್ನು ಕುಡಿದು ಸ್ಥಾಪಿಸಿದ ಹಕ್ಕು ಇದೇ. ಸ್ವತಂತ್ರ ಭಾರತದ ಸಂವಿಧಾನವು ಬಾವಿ, ಕೆರೆ, ಸ್ನಾನಘಟ್ಟಗಳನ್ನು ಎಲ್ಲರಿಗೂ ತೆರೆದಿಟ್ಟಿತು. ನಲ್ಲಿಯ ಹೆಸರು ಅದರಲ್ಲಿ ಬಾರದು. ಅಸ್ಪೃಶ್ಯತೆಯನ್ನು ಅಪರಾಧವೆಂದು ಶಿಕ್ಷೆಗೊಳಪಡಿಸಿದ 1955ರ ಅಧಿನಿಯಮದಲ್ಲಿ ನದಿ, ತೊರೆ, ಚಿಲುಮೆ, ಬಾವಿ, ಕೆರೆ, ತೊಟ್ಟಿಗಳ ಸಾಲಿನಲ್ಲಿ ನೀರಿನ ನಲ್ಲಿಯನ್ನೂ ಹೆಸರಿಸಿ ಹೇಳಿದರು. ಶಾಸನ ಬರೆದವರು ಬೀದಿಯನ್ನು ಚೆನ್ನಾಗಿ ಬಲ್ಲವರೆಂದು ತೋರುವುದು. ಆ ಶಬ್ದವು ಅನಾವಶ್ಯಕವಾಗಿರಲಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರ ಗ್ರಾಮದಲ್ಲಿ, ದಲಿತ ಸ್ತ್ರೀಯೊಬ್ಬಳು ನೀರು ಕುಡಿದಳೆಂಬ ಕಾರಣದಿಂದ ತೊಂಬೆಯ ನೀರನ್ನೆಲ್ಲ ಹೊರಕ್ಕೆ ಬಿಟ್ಟು ಅದನ್ನು ತೊಳೆದ ಸಂಗತಿಯು ವರದಿಯಾಯಿತು. ಬಳಿಕ ಅಧಿಕಾರಿಗಳು ಊರಿನ ದಲಿತರನ್ನು ಕರೆದೊಯ್ದು ತೊಂಬೆಗಳ ನಲ್ಲಿಗಳಿಂದ ನೀರು ಕುಡಿಸಿದರು. ಹಂಪಾಪುರದ ಸೀಮೆಗೆ ಆ ಊರು ಬಹು ದೂರದ್ದಲ್ಲ.

ತೊಂಬೆಯೆಂಬ ಮಾತು ಬಂದುದರಿಂದ ಹಳ್ಳಿಯ ಕಡೆಗೆ ತಿರುಗಬಹುದು. ನಗರದ ನಲ್ಲಿಗೂ ಗ್ರಾಮದ ನಲ್ಲಿಗೂ ನಡುವೆ ಮುಕ್ಕಾಲು ಶತಮಾನಕ್ಕೂ ಮಿಕ್ಕ ಅಂತರವಿದೆ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಈ ಅಂತರವು ವಿಶೇಷವಾಗಿ ಎದ್ದುಕಾಣುವುದು. ಏಕೆಂದರೆ ಇದು ನೀರಿಲ್ಲದ ನಾಡಲ್ಲ. ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ಕಪಿಲೆಗೆ ಅಡ್ಡಲಾಗಿ ಕಟ್ಟಿದ ಕಬಿನಿ ಅಣೆಕಟ್ಟೆಯು 1974ರಲ್ಲಿ ಮುಗಿಯಿತು. ನೂರಾರು ಸಂಸಾರಗಳು ಊರನ್ನೂ ಭೂಮಿಯನ್ನೂ ಬಿಟ್ಟು ಎದ್ದುವು. ಕಾಡಿನಂಚಿನ ಜೇನುಕುರುಬ, ಕಾಡುಕುರುಬರ ಹಾಡಿಗಳೂ ಸ್ಥಳಾಂತರಗೊಂಡುವು. ಅದೇ ನದಿಯ ನೀರು ನಂಜನಗೂಡು ತಾಲ್ಲೂಕಿನ ಬಿದರಗೂಡಿನ ಬಳಿಯಲ್ಲಿ ಶುದ್ಧವಾಗಿ ಮೈಸೂರು ನಗರದ ನಲ್ಲಿಗಳಿಗೂ ಹೋಗುವುದು. ಅಣೆಕಟ್ಟೆಯ ಸುತ್ತಣ ಹಳ್ಳಿಗಳ ಹೆಂಗಸರಾದರೋ ಬಹುಕಾಲ ಬಿಂದಿಗೆಯನ್ನು ಸೊಂಟದಲ್ಲಿಟ್ಟುಕೊಂಡೇ ನಡೆದರು. 1970ರ ದಶಕದ ಕೊನೆಯಲ್ಲಿ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ಬಂದು ಕೊಳವೆಬಾವಿಯ ನೀರು ಮೇಲೆದ್ದಿತು. ಅದಕ್ಕೆ ಮುಚ್ಚುವ ಕೀಲು ಬೇಡ. ಒತ್ತುವುದನ್ನು ನಿಲ್ಲಿಸಿದರೆ ನೀರೂ ನಿಲ್ಲುವುದು. ಅದರ ಬಳಿಕ ಬಂದುದು ತೊಂಬೆ. ವಿದ್ಯುತ್ತಿನ ಮೋಟಾರಿನಿಂದ ತುಂಬಿಸುವ ಒಂದು ತೊಟ್ಟಿ, ಅದರ ಬುಡದಲ್ಲಿ ನಾಲ್ಕೈದು ನಲ್ಲಿ. ಮೋಟಾರಿನ ಗುಂಡಿಯನ್ನೊತ್ತುವ ಪಂಚಾಯತಿಯ ವಾಟರ್‌ಮ್ಯಾನನ್ನು ಕೆಲವೆಡೆ ಈಗಲೂ ನೀರುಗಂಟಿಯೆಂದೇ ಕರೆಯುವರು. ಕಣದ ಆಯ ಹೋಗಿ ತಿಂಗಳ ಸಂಬಳ ಬಂದಿದೆ. ಜಗಳ ಮಾತ್ರ ಮೊದಲಿನದೇ.

ಪ್ರತಿ ಮನೆಗೂ ನಲ್ಲಿಯೆಂಬ ಸಂಕಲ್ಪವನ್ನು ಕೇಂದ್ರ ಸರಕಾರವು 2019ರ ಆಗಸ್ಟ್ 15ರಂದು ಜಲಜೀವನ ಯೋಜನೆಯ ಹೆಸರಿನಲ್ಲಿ ಸಾರಿತು. ಕರ್ನಾಟಕದಲ್ಲಿ ಅದು ಮನೆಮನೆಗೆ ಗಂಗೆಯೆಂಬ ಹೆಸರನ್ನು ಪಡೆಯಿತು. ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು ಎಂಬುದು ಅದರ ಅಳತೆ. ಇಲ್ಲಿ ಒಂದು ಲೆಕ್ಕವನ್ನು ಮಾಡಬಹುದು. ಕ್ಷಣಕ್ಕೊಂದು ಹನಿಯಂತೆ ಸೋರುವ ನಲ್ಲಿಯಿಂದ ದಿನಕ್ಕೆ 86,400 ಹನಿಗಳು ಬೀಳುವುವು. ನಾಲ್ಕು ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೆ ಅದು 21 ಲೀಟರಿಗೂ ಹೆಚ್ಚು. ಎಂದರೆ, ಸವೆದ ವಾಷರೊಂದು ಒಬ್ಬನ ಪಾಲಿನ ಸುಮಾರು ಐದರಲ್ಲೆರಡು ಭಾಗವನ್ನು ಸದ್ದಿಲ್ಲದೆ ಕುಡಿಯುವುದು. ಕೊಳವೆಯ ಕೊನೆಯ ಮನೆಗೆ ಬಾರದ ನೀರು ಬಹುಶಃ ಮೊದಲ ಮನೆಗಳ ಬಚ್ಚಲಲ್ಲಿ ಹೀಗೆ ಹರಿದು ಹೋಗಿರುವುದು. ನೀರುಗಂಟಿಯ ಕೈಯಲ್ಲಿದ್ದ ಗಳುವನ್ನು ಮುರಿದು ಮನೆಗೊಂದು ತುಂಡಿನಂತೆ ಹಂಚಿದುದರ ಪರಿಣಾಮವಿದು. ಹೊತ್ತುಗೊತ್ತಿಲ್ಲದೆ ನೀರು ಬರುವ ಊರುಗಳಲ್ಲಂತೂ ನಲ್ಲಿಯ ಉದ್ದೇಶವೇ ತಲೆಕೆಳಗಾಗಿದೆ. ಬಂದಾಗ ಕೊಡ ತುಂಬಲಿ ಎಂದು ಅದನ್ನು ತೆರೆದೇ ಇಡುವರು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಭಾಗಗಳಲ್ಲಿ 2008ರ ಸುಮಾರಿಗೆ ಹಗಲಿರುಳೂ ನೀರು ಬಿಡುವ ಪ್ರಯೋಗ ನಡೆಯಿತು. ಯಾವಾಗ ಬೇಕೆಂದರಾಗ ನೀರುಂಟೆಂಬ ನಂಬಿಕೆಯಿದ್ದಲ್ಲಿಯೇ ನಲ್ಲಿಯನ್ನು ಮುಚ್ಚುವ ಅಭ್ಯಾಸ ಬೆಳೆಯಬಲ್ಲುದು.

ಇನ್ನು ವಾಷ್ ಬೇಸಿನ್ನಿನ ವಿಚಾರ. ಇದು ಇಂಗ್ಲಿಷರ ಮನೆಯಿಂದ ಬಂದ ವಸ್ತು. ಆದರೆ ಅದರ ಬಳಕೆಯು ಅದರೊಡನೆ ಬರಲಿಲ್ಲ. ಅವರು ತಳದ ರಂಧ್ರಕ್ಕೆ ಬಿರಡೆಯಿಟ್ಟು, ಬಿಸಿನೀರಿನ ನಲ್ಲಿಯಿಂದಲೂ ತಣ್ಣೀರಿನ ನಲ್ಲಿಯಿಂದಲೂ ಬೋಗುಣಿಯನ್ನು ತುಂಬಿ, ಅದರಲ್ಲಿಯೇ ಮುಖ ತೊಳೆಯುತ್ತಿದ್ದರು. ಚೊಂಬಿನಿಂದ ಸುರಿದುಕೊಂಡು ಹರಿಯುವ ನೀರಿನಲ್ಲಿಯೇ ಕೈಬಾಯಿ ತೊಳೆಯುವ ಜನಕ್ಕೆ ಇದು ಒಗ್ಗಲಿಲ್ಲ. ಆದುದರಿಂದ ಬಿರಡೆಯ ಸರಪಳಿಯು ತುಕ್ಕು ಹಿಡಿದು ಹೋಯಿತು; ಒಂದೇ ನಲ್ಲಿಯು ಚೊಂಬಿನ ಸ್ಥಾನವನ್ನು ಪಡೆಯಿತು. ಹರಿಯುವ ನೀರಿನಲ್ಲಿ ಬಿಸಿಯನ್ನೂ ತಣಿವನ್ನೂ ಬೆರೆಸುವ ಒಂಟಿ ಹಿಡಿಯ ನಲ್ಲಿಯನ್ನು ಅಮೆರಿಕದ ಆಲ್ ಮೋಯನ್ ಎಂಬಾತನು ಕಲ್ಪಿಸಿದುದೂ ಇಂತಹುದೇ ಅವಶ್ಯಕತೆಯಿಂದ. ವಿದ್ಯಾರ್ಥಿಯಾಗಿದ್ದಾಗ, 1937ರಲ್ಲಿ, ಎರಡು ಹಿಡಿಗಳ ನಲ್ಲಿಯ ಕೆಳಗೆ ಕೈ ಸುಟ್ಟುಕೊಂಡುದೇ ಅವನಿಗೆ ಗುರುವಾಯಿತು. ಅವನ ನಲ್ಲಿಯು ಮಾರುಕಟ್ಟೆಗೆ ಬಂದುದು 1947ರಲ್ಲಿ. 1970ರ ದಶಕದಿಂದೀಚೆಗೆ ವಾಷರಿನ ಸ್ಥಾನಕ್ಕೆ ಪಿಂಗಾಣಿಯ ಎರಡು ಬಿಲ್ಲೆಗಳು ಬಂದಿವೆ. ಕನ್ನಡಿಯಂತೆ ನಯಗೊಳಿಸಿದ ಅವು ಒಂದರ ಮೇಲೊಂದು ಜಾರಿ, ರಂಧ್ರಗಳು ಕೂಡಿದಾಗ ನೀರು ಬಿಡುವುವು. ಕಾಲು ಸುತ್ತಿಗೆ ಕೆಲಸ ಮುಗಿಯುವುದು. ಎರಡು ಸಾವಿರ ವರ್ಷ ಕಳೆದು ಕೀಲು ಮತ್ತೆ ರೋಮನರ ಬಿರಡೆಯ ತತ್ತ್ವಕ್ಕೇ ಮರಳಿದುದು ವಿನೋದವಾಗಿದೆ.

ಗೃಹಸ್ಥನು ಆರಿಸುವಾಗ ಮೊದಲು ವಿಚಾರಿಸತಕ್ಕುದು ಹೊಳಪನ್ನಲ್ಲ, ಒತ್ತಡವನ್ನು. ನೀರು 10 ಮೀಟರ್ ಎತ್ತರದಿಂದಿಳಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಮಿನ ಒತ್ತಡವಿರುವುದು. ಒಂದಂತಸ್ತಿನ ಮನೆಯ ತಾರಸಿಯ ಮೇಲಿನ ಟ್ಯಾಂಕು ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ದೊರೆಯುವುದು ಅದರ ಮೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಹೆಚ್ಚಿನ ಒತ್ತಡಕ್ಕೆಂದು ರಚಿಸಿದ ಬೆಲೆಬಾಳುವ ಮಿಕ್ಸರನ್ನು ಅಲ್ಲಿ ಕೂಡಿಸಿದರೆ ನೀರು ದಾರದಂತೆ ಇಳಿಯುವುದು. ಅಂತಹ ಮನೆಗೆ ಬೇಸಿನ್ನಿನ ಮೇಲೆ ನಿಲ್ಲುವ ಸಾದಾ ಪಿಲ್ಲರ್ ಕಾಕೇ ಉತ್ತಮ. ಬಿಸಿನೀರಿನ ಕೊಳವೆಯನ್ನು ಗೋಡೆಯೊಳಗೆ ತಂದಿರದಿದ್ದರೆ ಮಿಕ್ಸರಿನ ಮಾತೇ ಬೇಡ. ಎರಡನೆಯದು ಲೋಹ. ತಾಮ್ರ ಸತುಗಳು ಕೂಡಿದ ಹಿತ್ತಾಳೆಯ ನಲ್ಲಿಯು ಕೈಗೆ ಭಾರವಾಗಿರುವುದು. ಹೊರಗೆ ಅಷ್ಟೇ ಹೊಳೆದರೂ ಒಳಗೆ ಅಗ್ಗದ ಸತುವಿನ ಎರಕವೋ ಪ್ಲಾಸ್ಟಿಕ್ಕೋ ಆಗಿದ್ದರೆ ಎತ್ತಿದೊಡನೆ ಹಗುರವೆನಿಸುವುದು. ಐ.ಎಸ್.ಐ. ಗುರುತನ್ನು ನೋಡುವುದೂ, ಒಳಗಿನ ಕಾರ್ಟ್ರಿಜ್ ಕೆಟ್ಟರೆ ಬದಲಿಯು ಕೋಟೆಯಲ್ಲೋ ಮೈಸೂರಿನಲ್ಲೋ ದೊರೆಯುವುದೇ ಎಂದು ಕೇಳುವುದೂ ವಿವೇಕ. ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಹೇಳರು: ನಲ್ಲಿಯ ಮೂತಿಯ ಕೆಳಗೆ ಚೊಂಬು ಹಿಡಿಯುವುದೇ? ಪರದೇಶದ ಮಾದರಿಯ ಗಿಡ್ಡ ನಲ್ಲಿಗಳಲ್ಲಿ ಕೈ ಹಿಡಿಯುವುದೇ ಕಷ್ಟ. ಮೂತಿಯು ಬೇಸಿನ್ನಿನ ಅಂಚಿಗಿಂತ ಎರಡು ಮೂರು ಸೆಂಟಿಮೀಟರಾದರೂ ಮೇಲಿರುವುದು ಅವಶ್ಯ. ನೀರು ನಿಂತು ನಿಂತು ಬರುವ ಊರಿನಲ್ಲಿ ಖಾಲಿ ಕೊಳವೆಯು ಬೋಗುಣಿಯ ಕೊಳೆನೀರನ್ನು ಹಿಂದಕ್ಕೆ ಹೀರುವುದುಂಟು.

ಅಳತೆಯ ವಿಷಯದಲ್ಲಿ ಹಳೆಯದೊಂದು ವಿಚಿತ್ರವು ಉಳಿದಿದೆ. ಮೀಟರಿನ ಪದ್ಧತಿಯನ್ನು 1956ರಲ್ಲಿಯೇ ಕಾಯಿದೆ ಮಾಡಿದ್ದರೂ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಅರ್ಧ ಇಂಚಿನ ನಲ್ಲಿಯನ್ನೇ. ಅಳೆದು ನೋಡಿದರೆ ಅದರ ತಿರುಪಿನ ಅಗಲ ಸುಮಾರು 21 ಮಿಲಿಮೀಟರು. ಅರ್ಧ ಇಂಚೆಂಬುದು ಹಿಂದಿನ ಕಬ್ಬಿಣದ ಕೊಳವೆಯ ಒಳಗಣ ಟೊಳ್ಳಿನ ಹೆಸರು. ಆ ತಿರುಪಿನಲ್ಲಿ ಇಂಚಿಗೆ 14 ಸುತ್ತುಗಳು, ಸುತ್ತಿನ ಕೋನ 55 ಅಂಶ. ಈ ಕೋನವನ್ನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತನು 1841ರಲ್ಲಿ ಗೊತ್ತುಮಾಡಿದನು. ಯಾವ ಊರಿನ ನಲ್ಲಿಯನ್ನು ತಂದರೂ ಹಂಪಾಪುರದ ಗೋಡೆಯ ಕೊಳವೆಗೆ ಅದು ಕೂರುವುದು ಇದರಿಂದಲೇ.

ಕೂಡಿಸುವ ಕೆಲಸವು ಅರ್ಧ ಗಂಟೆಯದು. ಬೇಸಿನ್ನನ್ನು ಗೋಡೆಗೆ ಬಿಗಿಯುವ ಮೊದಲೇ ನಲ್ಲಿಯನ್ನು ಅದರ ರಂಧ್ರದಲ್ಲಿಳಿಸಿ ಕೆಳಗಿನಿಂದ ನಟ್ಟು ಹಾಕುವುದು ಸುಲಭ; ಗೋಡೆಗೆ ಬಿಗಿದ ಮೇಲೆ ಕೆಳಗೆ ಕೈಯಾಡದು. ಲೋಹವು ಪಿಂಗಾಣಿಯನ್ನು ನೇರವಾಗಿ ಮುಟ್ಟದಂತೆ ಎರಡು ಕಡೆಯೂ ರಬ್ಬರಿನ ವಾಷರಿರತಕ್ಕುದು. ನಟ್ಟನ್ನು ಕೈಯಿಂದ ಪೂರ್ತಿ ತಿರುಗಿಸಿ, ಸ್ಪ್ಯಾನರಿನಿಂದ ಮೇಲೆ ಕಾಲು ಸುತ್ತು ಕೊಟ್ಟರೆ ಸಾಕು. ಬಲವಿದೆಯೆಂದು ಬಿಗಿದವರ ಬೇಸಿನ್ನುಗಳು ಬಿರುಕು ಬಿಟ್ಟಿವೆ. ಗೋಡೆಯ ಆಂಗಲ್ ಕಾಕಿನ ತಿರುಪಿಗೆ ಹಿಂದೆ ಸಣಬಿನ ನಾರನ್ನು ಸುತ್ತಿ ಬಿಳಿಯ ಸೀಸದ ಲೇಪವನ್ನು ಹಚ್ಚುತ್ತಿದ್ದರು. ಈಗ ತೆಳುವಾದ ಟೆಫ್ಲಾನ್ ಪಟ್ಟಿ. ಅದನ್ನು ತಿರುಪು ಬಿಗಿಯಾಗುವ ದಿಕ್ಕಿನಲ್ಲಿಯೇ ಸುತ್ತದಿದ್ದರೆ ಬಿಗಿಯುವಾಗ ಬಿಚ್ಚಿಕೊಳ್ಳುವುದು. ನಲ್ಲಿಗೂ ಆಂಗಲ್ ಕಾಕಿಗೂ ನಡುವಣ ಬಾಗುವ ಕೊಳವೆಯ ತುದಿಗಳಲ್ಲಿ ರಬ್ಬರು ಇರುವುದರಿಂದ ಅಲ್ಲಿ ಪಟ್ಟಿ ಬೇಕಿಲ್ಲ.

ಬಹುಜನರು ಮರೆಯುವ ಕೆಲಸವೊಂದುಂಟು. ಬಾಗುವ ಕೊಳವೆಯನ್ನು ನಲ್ಲಿಗೆ ಸೇರಿಸುವ ಮೊದಲು ಅದರ ತುದಿಯನ್ನು ಬಕೀಟಿನೊಳಗಿಟ್ಟು ಆಂಗಲ್ ಕಾಕನ್ನು ತೆರೆದು, ನೀರು ತಿಳಿಯಾಗುವವರೆಗೆ ಬಿಡತಕ್ಕುದು. ಗೋಡೆ ಕೊರೆದಾಗಿನ ಸಿಮೆಂಟಿನ ಪುಡಿ, ಟ್ಯಾಂಕಿನ ಮರಳು, ಕೊಳವೆ ಕತ್ತರಿಸಿದ ಚೂರುಗಳು ಮೊದಲ ನೀರಿನಲ್ಲಿ ಬರುವುವು. ಅವು ಪಿಂಗಾಣಿಯ ಬಿಲ್ಲೆಗಳಿಗೋ ಅದರ ರಬ್ಬರಿಗೋ ಸಿಕ್ಕಿದರೆ ಹೊಸ ನಲ್ಲಿಯು ಮೊದಲ ವಾರದಲ್ಲಿಯೇ ತೊಟ್ಟಿಕ್ಕತೊಡಗುವುದು. ಬಳಿಕ ಎಲ್ಲವನ್ನೂ ಕೂಡಿಸಿ, ಕಾಕನ್ನು ಮೆಲ್ಲನೆ ತೆರೆದು, ಪ್ರತಿಯೊಂದು ಸಂದಿನ ಕೆಳಗೂ ಒಣಗಿದ ಕಾಗದವನ್ನಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಕಣ್ಣಿಗೆ ಕಾಣದ ಸೋರಿಕೆಯನ್ನು ಕಾಗದವು ಹೇಳುವುದು.

ಕೊಳವೆಬಾವಿಯ ನೀರು ಗಡುಸಾದ ಊರುಗಳಲ್ಲಿ ಮೂತಿಯ ಜಾಲರಿಯಲ್ಲಿ ಸುಣ್ಣ ಕಟ್ಟುವುದು. ಕೆಲವು ತಿಂಗಳಿಗೊಮ್ಮೆ ಜಾಲರಿಯನ್ನು ಬಿಚ್ಚಿ ನಿಂಬೆಯ ರಸದಲ್ಲಿಯೋ ವಿನೆಗರಿನಲ್ಲಿಯೋ ನೆನೆಯಿಟ್ಟರೆ ಧಾರೆಯು ಮತ್ತೆ ಸರಿಯಾಗುವುದು. ಬಚ್ಚಲ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದಲೂ ಬೂದಿಯಿಂದಲೂ ತಿಕ್ಕಿ ಬೆಳಗುವ ಕೈಗಳು ಅದೇ ಉತ್ಸಾಹದಿಂದ ನಲ್ಲಿಯನ್ನೂ ತಿಕ್ಕುವುದುಂಟು. ಹಂಡೆಯು ಒಳಗೂ ಹೊರಗೂ ತಾಮ್ರ. ನಲ್ಲಿಯ ಹೊಳಪಾದರೋ ಮಿಲಿಮೀಟರಿನ ಸಾವಿರದೊಂದು ಭಾಗಕ್ಕಿಂತಲೂ ತೆಳುವಾದ ಕ್ರೋಮಿಯಮ್ಮಿನ ಪೊರೆ. ಅದಕ್ಕೆ ಒದ್ದೆ ಬಟ್ಟೆಯೇ ಸಾಕು.